ಕೆಂಪು ಸೂಟ್‌ಕೇಸು, ಟೀ ಪೆಟ್ಟಿಗೆ

ಎಪ್ಪತ್ತರ ದಶಕದ ನಡುವೆ ಒಂದು ಮಾಘಮಾಸದಲ್ಲಿ ನಮ್ಮ ಬ್ಯಾಂಡ್ ಸೆಟ್ಟಿಗೆ ದೆಹಲಿಯಿಂದ ಮದುವೆಯ ಕರೆ ಬಂತು. ಮಳವಳ್ಳಿ ಕಡೆಯವರೊಬ್ಬರು ಅಲ್ಲಿ ಕಂಟ್ರಾಕ್ಟು ಮಾಡಿಕೊಂಡು ನೆಲೆಸಿದ್ದರು. ಮಗಳ ಮದುವೆಗೆ ನಮ್ಮ ಕಡೆಯ ಬ್ಯಾಗ್‌ಪೈಪೇ ಬೇಕೆಂದು ಅವರ ಹಟ. ಡ್ರಮ್ಮಿನವರನ್ನು ಅಲ್ಲೇ ಗೊತ್ತುಮಾಡುತ್ತೇವೆ, ಪೈಪಿನವರು ಇಬ್ಬರು ಬಂದರೆ ಸಾಕು ಎಂದು ಬರೆದಿದ್ದರು. ಅದರ ಹಿಂದಿನ ದಿನ ಮಳವಳ್ಳಿಯಲ್ಲೇ ಇನ್ನೊಂದು ಮದುವೆ ಒಪ್ಪಿಕೊಂಡಾಗಿದ್ದರಿಂದ ರೈಲು ಹಿಡಿದರೆ ತಲುಪುವಂತಿರಲಿಲ್ಲ. ಹಾಗಾಗಿ ಹೋಗುವುದಕ್ಕೆ ಎರಡು ವಿಮಾನದ ಟಿಕೆಟ್ಟು ಕಳಿಸಿದ್ದರು.

ಮಂಡ್ಯದಲ್ಲಿ ಯಜಮಾನರ ಮನೆಯ ಹಿಂದಿನ ಕೋಣೆಯೇ ನಮ್ಮ ಬ್ಯಾಂಡಿನ ಕೋಣೆ. ಅಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಯಜಮಾನರು ಟಿಕೆಟ್ಟು ತೋರಿಸಿದರು. ‘ಮಾಸ್ಟ್ರು ಹೋಗ್ತಾರೆ. ಜೊತೆಗೆ ನೀನು ಹೋಗು’ ಎಂದು ನನ್ನ ಕಡೆ ಕೈ ಮಾಡಿದರು. ‘ವಿಮಾನದಲ್ಲಿ ಸಾಮಾನು ಎಸೀತಾರಂತೆ. ಪೈಪುಗಳಿಗೆ ಸರಿಯಾದ ಪೆಟ್ಟಿಗೆ ನೋಡೋ ಕೆಲಸ ನಿಂದು. ಇನ್ನು ಇಪ್ಪತ್ತು ದಿನ ಇದೆ.’

ನನಗೆ ಆ ಕೆಲಸ ಕೊಟ್ಟಿದ್ದಕ್ಕೆ ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಯಾಕೆ ಎಂದು ಹೇಳಬೇಕು.

ನಮ್ಮಲ್ಲಿ ಎರಡು ಬ್ಯಾಗ್‌ಪೈಪ್‌ಗಳಿದ್ದವು. ಒಂದು ಕಪ್ಪು ಮರದ್ದು. ಬಿಳಿಯರ ಕಾಲದ ಪಟಾಲಮ್ಮಿನದು, ಕೊಳವೆಗಳ ತುದಿಗೆಲ್ಲ ದಂತದ ಬಳೆ. ಇನ್ನೊಂದು ಉತ್ತರದ ಕಡೆ ಬೀಟೆಯಲ್ಲಿ ಮಾಡಿದ್ದು. ಎರಡರ ಅಂಗಾಂಗವೂ ಒಂದೇ: ಕಂಕುಳಲ್ಲಿ ಒತ್ತುವ ಚರ್ಮದ ತಿತ್ತಿ, ಊದುವ ಕೊಳವೆ, ಬೆರಳಾಡಿಸುವ ಕೊಳವೆ, ಹೆಗಲ ಮೇಲೆ ನಿಲ್ಲುವ ಮೂರು ಶ್ರುತಿ ಕೊಳವೆ. ನಾದ ಮಾತ್ರ ಬೇರೆ. ಕಪ್ಪು ಪೈಪು ಊದಿದರೆ ಬೀದಿಯ ಆ ತುದಿಯಲ್ಲಿ ಇರುವವರೂ ತಿರುಗಿ ನೋಡುತ್ತಿದ್ದರು. ಆರು ವರ್ಷ ಅದು ನನ್ನ ಕೈಯಲ್ಲಿತ್ತು.

ಈ ದೆಹಲಿ ಮದುವೆಗೆ ನಾಲ್ಕು ವರ್ಷ ಹಿಂದೆ ಮಳವಳ್ಳಿಯ ಒಂದು ಮೆರವಣಿಗೆಯಲ್ಲಿ ನನಗೆ ಜ್ವರ ಬಂದು ಛತ್ರದಲ್ಲಿ ಮಲಗಿದ್ದೆ. ಮಿಲಿಟರಿ ಬ್ಯಾಂಡಿನಿಂದ ರಿಟೈರಾಗಿ ಆಗಷ್ಟೇ ನಮ್ಮಲ್ಲಿಗೆ ಬಂದಿದ್ದ ಮಾಸ್ಟರು ಅವತ್ತು ಕಪ್ಪು ಪೈಪು ಊದಿದರು. ಊದಿದ ಮೇಲೆ ಕೊಳವೆಗಳನ್ನು ಬಿಚ್ಚಿ, ಒಳಗಿನ ತೇವ ಒರೆಸಿ, ಬಿಡಿಬಿಡಿಯಾಗಿ ಇಡಬೇಕು. ಅವರು ಬಿಚ್ಚಲಿಲ್ಲ. ಹಾಗೇ ತಗಡಿನ ಟ್ರಂಕಿಗೆ ತುರುಕಿ ಬಸ್ಸಿನ ಮೇಲೆ ಹಾಕಿಸಿದರು. ಮಧ್ಯಾಹ್ನದ ಬಿಸಿಲು. ಮಂಡ್ಯಕ್ಕೆ ಬಂದು ಟ್ರಂಕು ತೆಗೆದರೆ ದೊಡ್ಡ ಶ್ರುತಿ ಕೊಳವೆಯಲ್ಲಿ ಅಂಗೈಯುದ್ದ ಸೀಳು.

‘ಇವನು ಛತ್ರದಲ್ಲಿ ಬೀಳಿಸಿದ್ದಾನೆ’ ಎಂದರು ಮಾಸ್ಟರು, ಎಲ್ಲರ ಎದುರಿಗೆ.

ಬಿದ್ದ ಮರ ಸೀಳುವ ರೀತಿ ಬೇರೆ. ಬಿದ್ದಿದ್ದರೆ ದಂತದ ಬಳೆ ಮೊದಲು ಚೂರಾಗಬೇಕಿತ್ತು. ಬಳೆ ನೆಟ್ಟಗಿತ್ತು. ಸೀಳು ನೂಲು ಸುತ್ತಿದ ಕೀಲಿನಿಂದ ಶುರುವಾಗಿ ಮರದ ಎಳೆ ಹಿಡಿದು ನೇರ ಓಡಿತ್ತು. ಒಳಗೆ ಒದ್ದೆ ನೂಲು ಉಬ್ಬಿ, ಹೊರಗೆ ಮರ ಕಾದು ಒಣಗಿದರೆ ಹಾಗೆ ಆಗುತ್ತದೆ. ನಾನು ಬೆರಳಿಟ್ಟು ತೋರಿಸಿದೆ. ಮಿಲಿಟರಿಯಲ್ಲಿ ಇಪ್ಪತ್ತು ವರ್ಷ ಊದಿದವರ ಮಾತಿನ ಮುಂದೆ ನನ್ನಂಥ ಬೆಸಗರಹಳ್ಳಿಯವನ ಮಾತು ಯಾರು ಕೇಳುತ್ತಾರೆ? ಸೀಳಿಗೆ ಅಂಟು ತುಂಬಿ, ಮೇಣದ ನೂಲು ಸುತ್ತಿ ರಿಪೇರಿ ಮಾಡಿದವನು ನಾನೇ. ಆಮೇಲೆ ಅದು ಮಾಸ್ಟರ ಪಾಲಾಯಿತು, ಬೀಟೆಯದು ನನಗೆ ಬಂತು. ಜೊತೆಗೆ ಒಂದು ಹೆಸರೂ ಬಂತು: ಬೀಳ್ಸಪ್ಪ. ಅದು ಬ್ಯಾಂಡಿನ ಕೋಣೆಯಿಂದ ಹೊರಟು ಮದ್ದೂರು ಬಸ್‌ಸ್ಟ್ಯಾಂಡು ದಾಟಿ ನನ್ನ ಊರು ತಲುಪುವುದಕ್ಕೆ ಒಂದು ತಿಂಗಳೂ ಹಿಡಿಯಲಿಲ್ಲ. ‘ಬೀಳ್ಸಪ್ಪ, ಉಸಾರಾಗಿ ಇಳ್ಕಳ್ಲಾ’ ಎಂದು ಕಂಡಕ್ಟರು ಕೂಗಿದರೆ ಬಸ್ಸೆಲ್ಲ ನಗುತ್ತಿತ್ತು.

ಅವತ್ತಿನಿಂದ ನಾನು ಕಾಯುತ್ತಿದ್ದೆ. ಏನನ್ನು ಎಂದು ನನಗೂ ಗೊತ್ತಿರಲಿಲ್ಲ.

ಪೆಟ್ಟಿಗೆಯ ಕೆಲಸ ಹಿಡಿದು ಮರುದಿನವೇ ಮದ್ದೂರಿಗೆ ಹೋದೆ. ಅಲ್ಲಿ ಒಬ್ಬರು ಆಚಾರ್ರು ಇದ್ದರು, ಬಾಗಿಲು ಕಿಟಕಿಯ ಜೊತೆ ತಂಬೂರಿ, ಹಾರ್ಮೋನಿಯಂ ಪೆಟ್ಟಿಗೆಗಳನ್ನೂ ಮಾಡುತ್ತಿದ್ದವರು. ನಾನು ಕೊಳವೆಗಳ ಅಳತೆಯನ್ನು ಒಂದು ದಾರದಲ್ಲಿ ಗಂಟು ಹಾಕಿಕೊಂಡು ಹೋಗಿದ್ದೆ.

‘ಅಲಸಿನ ಮರದಲ್ಲಿ ಮಾಡ್ಕೊಡ್ತೀನಿ. ಆನೆ ತುಳುದ್ರೂ ಏನೂ ಆಗಕಿಲ್ಲ’ ಎಂದರು.

ಐದು ದಿನಕ್ಕೆ ಮಾಡಿಕೊಟ್ಟರು. ಚೆಂದದ ಕೀಲು, ನುಣ್ಣಗಿನ ಮುಚ್ಚಳ. ಎತ್ತಲು ಹೋದರೆ ಸೊಂಟ ಹಿಡಿಯಿತು. ಪಕ್ಕದ ಬೆಲ್ಲದ ಮಂಡಿಯ ತಕ್ಕಡಿಗೆ ಹಾಕಿದೆವು. ಖಾಲಿ ಪೆಟ್ಟಿಗೆಯೇ ಹದಿನೆಂಟು ಕಿಲೋ. ಟಿಕೆಟ್ಟಿನ ಹಿಂದೆ ಒಬ್ಬರಿಗೆ ಇಪ್ಪತ್ತು ಕಿಲೋ ಎಂದು ಅಚ್ಚಾಗಿತ್ತು. ಅದರಲ್ಲಿ ಪೈಪು, ಸಮವಸ್ತ್ರ, ಬೂಟು ಎಲ್ಲ ಬರಬೇಕು.

‘ಇಮಾನಕ್ಕೂ ತಕ್ಕಡಿ ಐತಾ?’ ಎಂದು ಆಚಾರ್ರು ಬಾಯಿ ಬಿಟ್ಟರು.

ನನಗೆ ದಿಕ್ಕು ತೋಚಲಿಲ್ಲ. ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕೂತಿದ್ದಾಗ ಹಿತ್ತಲಲ್ಲಿ ಟೀ ಪುಡಿ ತುಂಬಿ ಬಂದಿದ್ದ ಖಾಲಿ ಪೆಟ್ಟಿಗೆಗಳು ಕಂಡವು. ಎತ್ತಿ ನೋಡಿದೆ, ಹುಲ್ಲಿನ ಹೊರೆಯಷ್ಟು ಹಗುರ. ತೆಳು ಪ್ಲೈವುಡ್ಡು, ಅಂಚಿಗೆ ತಗಡು ಬಡಿದು ಮೊಳೆ ಹೊಡೆದಿದ್ದರು. ಒಳಗೆಲ್ಲ ಬೆಳ್ಳಿಯಂಥ ಹಾಳೆ ಅಂಟಿಸಿತ್ತು. ಎರಡು ಕೇಳಿ ಪಡೆದು ಹೊತ್ತು ತಂದೆ.

ಆಚಾರ್ರು ಮೊದಲು ಆ ಹಾಳೆಯನ್ನು ಕಿತ್ತು ಹಾಕಲು ಉಳಿ ತೆಗೆದರು. ನಾನು ಕೈ ಹಿಡಿದೆ. ಟೀ ಪುಡಿಗೆ ಗಾಳಿ ತಗುಲದ ಹಾಗೆ ಕಾಯುವ ಹಾಳೆ ಮರದ ತೇವವನ್ನೂ ಕಾಯಬೇಕಲ್ಲ ಎನಿಸಿತು. ದೆಹಲಿಯ ಮಾಗಿಯ ಗಾಳಿ ತುಟಿ ಒಡೆಸುವಷ್ಟು ಒಣ ಎಂದು ಕೇಳಿದ್ದೆ. ಪರೀಕ್ಷೆಗೆ ಒಂದು ಹಿಡಿ ವೀಳ್ಯದೆಲೆಯನ್ನು ಟೀ ಪೆಟ್ಟಿಗೆಯಲ್ಲಿಟ್ಟು, ಇನ್ನೊಂದು ಹಿಡಿಯನ್ನು ತಗಡಿನ ಟ್ರಂಕಿನಲ್ಲಿಟ್ಟು, ಎರಡನ್ನೂ ಮನೆಯ ಮುಂದೆ ಬಿಸಿಲಿಗಿಟ್ಟೆ. ನಾಲ್ಕನೆಯ ದಿನ ಟ್ರಂಕಿನ ಎಲೆ ಮುಟ್ಟಿದರೆ ಪುಡಿಯಾಯಿತು. ಟೀ ಪೆಟ್ಟಿಗೆಯದು ಬಾಡಿತ್ತು, ಆದರೆ ಇನ್ನೂ ಮಡಿಸಲು ಬರುತ್ತಿತ್ತು.

ಪೆಟ್ಟಿಗೆಗಳನ್ನು ಕೊಯ್ದು ಉದ್ದನೆಯವಾಗಿ ಜೋಡಿಸಿದೆವು. ಒಳಕ್ಕೆ ಏನು ತುಂಬುವುದು ಎಂಬ ಪ್ರಶ್ನೆ ಬಂತು. ಹತ್ತಿ ಒತ್ತಿಕೊಂಡು ಹೋಗುತ್ತದೆ, ಹುಲ್ಲು ಚುಚ್ಚುತ್ತದೆ. ಕೊನೆಗೆ ಗ್ಯಾರೇಜಿನಲ್ಲಿ ಬಿದ್ದಿದ್ದ ಹಳೆಯ ಬಸ್ಸಿನ ಸೀಟು ಕಿತ್ತು, ಅದರೊಳಗಿನ ರಬ್ಬರು ಹಾಕಿದ ತೆಂಗಿನ ನಾರನ್ನು ತಂದೆ. ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಮೇಲೇಳುತ್ತದೆ. ಅದರ ಮೇಲೆ ಕಂಬಳಿ ಹೊದಿಸಿ ಮೊಳೆ ಹೊಡೆದೆವು.

ಇನ್ನು ಎಸೆದು ನೋಡಬೇಕು. ಪೈಪನ್ನೇ ಇಟ್ಟು ಎಸೆಯಲಾದೀತೇ? ಆಚಾರ್ರೇ ಉಪಾಯ ಹೇಳಿದರು. ಹಿತ್ತಲಿನ ಪರಂಗಿ ಮರದಿಂದ ಎಲೆಯ ಮೂರು ತೊಟ್ಟುಗಳನ್ನು ಕೊಯ್ದರು. ಒಳಗೆ ಟೊಳ್ಳು, ಪಟ್ಟೆಂದು ಮುರಿಯುವಂಥವು, ಉದ್ದವೂ ನಮ್ಮ ಕೊಳವೆಗಳಷ್ಟೇ. ಪೆಟ್ಟಿಗೆಯಲ್ಲಿಟ್ಟು ಬಸ್‌ಸ್ಟ್ಯಾಂಡಿಗೆ ಹೋಗಿ ಕೂಲಿಯವನಿಗೆ ಹೇಳಿ ಬಸ್ಸಿನ ಮೇಲಿಂದ ಕೆಳಕ್ಕೆ ದೂಡಿಸಿದೆವು. ತೆಗೆದರೆ ಮೂರೂ ನಡುವಿನಲ್ಲಿ ಮುರಿದಿದ್ದವು.

‘ಎಲ್ಡು ತುದಿ ಮಾತ್ರ ಕೂತ್ಕಂಡವೆ, ನಡೂ ಮದ್ಯ ಏನೂ ಇಲ್ಲ ಕಣಪ್ಪ. ಸೊಂಟಕ್ಕೆ ಆಸರೆ ಇಲ್ದಿದ್ರೆ ಮುರೀದೆ ಇನ್ನೇನು?’ ಎಂದರು ಆಚಾರ್ರು.

ಒಂದೊಂದು ಕೊಳವೆಗೂ ಮೂರು ಮೂರು ಕಡೆ ಮರದ ತೊಟ್ಟಿಲು ಮಾಡಿದೆವು. ತುದಿಯ ಬಳೆ ಎಲ್ಲಿಯೂ ಏನನ್ನೂ ಮುಟ್ಟಬಾರದು, ಒಂದು ಕೊಳವೆ ಇನ್ನೊಂದನ್ನು ಮುಟ್ಟಬಾರದು, ಯಾವುದೂ ಪೆಟ್ಟಿಗೆಯ ಗೋಡೆ ಮುಟ್ಟಬಾರದು. ಎರಡನೆಯ ಸಲ ದೂಡಿಸಿದಾಗ ಪೆಟ್ಟಿಗೆಯ ಒಂದು ಮೂಲೆ ಜಜ್ಜಿತು, ತೊಟ್ಟುಗಳು ಒಂದೂ ಮುರಿಯಲಿಲ್ಲ. ಆಚಾರ್ರು ಒಂದು ತೊಟ್ಟನ್ನು ಬಾಯಿಗಿಟ್ಟು ಪೀ ಎಂದು ಊದಿದರು.

ಅಂಥವು ಎರಡು ಮಾಡಿಸಿದೆ. ತೂಕ ಒಂದೊಂದೂ ಆರು ಕಿಲೋ. ಹೊರಗೆ ಟೀ ಕಂಪನಿಯ ಅಕ್ಷರ ಹಾಗೇ ಇತ್ತು. ಬಣ್ಣ ಹೊಡೆಯೋಣ ಎಂದುಕೊಂಡೆ, ಎಣ್ಣೆ ಬಣ್ಣದ ವಾಸನೆ ತಿತ್ತಿಯ ಚರ್ಮಕ್ಕೆ ಹಿಡಿದೀತೆಂದು ಬಿಟ್ಟೆ.

ಪೆಟ್ಟಿಗೆಗಳನ್ನು ಮಂಡ್ಯದ ಕೋಣೆಗೆ ಹೊತ್ತುಕೊಂಡು ಹೋದಾಗ ಮಾಸ್ಟರು ಆಗಲೇ ಒಂದು ಸೂಟ್‌ಕೇಸು ತಂದಿಟ್ಟಿದ್ದರು. ಆಗ ತಾನೇ ಪೇಟೆಗೆ ಬಂದಿದ್ದ ಗಟ್ಟಿ ಪ್ಲಾಸ್ಟಿಕ್ಕಿನದು, ಕೆಂಪು ಬಣ್ಣ, ಎರಡು ಬೆಳ್ಳನೆಯ ಚಿಲಕ. ನಮ್ಮಲ್ಲಿ ಯಾರೂ ಅಂಥದ್ದನ್ನು ಮುಟ್ಟಿ ನೋಡಿರಲಿಲ್ಲ. ಒಬ್ಬೊಬ್ಬರೇ ಬಂದು ಸವರುತ್ತಿದ್ದರು.

ಅವರು ನನ್ನ ಪೆಟ್ಟಿಗೆ ನೋಡಿದರು. ‘ಏನಯ್ಯಾ ಇದು, ದೆಹಲೀಲಿ ಟೀ ಪುಡಿ ಮಾರಕ್ಕೆ ಹೋಗ್ತಿದೀವಾ?’

ಎಲ್ಲರೂ ನಕ್ಕರು. ಯಜಮಾನರು ಮಾತ್ರ ಮುಚ್ಚಳ ತೆಗೆದು ಕಂಬಳಿ ಒತ್ತಿ ನೋಡಿದರು. ‘ಕಪ್ಪು ಪೈಪಿಗೆ ಏನೂ ಆಗಬಾರದು ಮಾಸ್ಟ್ರೇ. ಅಂಥದ್ದು ಇನ್ನೊಂದು ಸಿಗಲ್ಲ. ಯಾವುದ್ರಲ್ಲಿ ಇಡ್ತೀರಿ?’

‘ಸೂಟ್‌ಕೇಸಲ್ಲಿ. ಅದರ ಜವಾಬ್ದಾರಿ ನಂದು ಸ್ವಾಮಿ.’ ಅವರು ಪೈಪನ್ನು ಬಿಚ್ಚದೆ, ಶ್ರುತಿ ಕೊಳವೆಗಳನ್ನು ತಿತ್ತಿಯ ಮೇಲೆ ಮಡಿಸಿ, ಓರೆಯಾಗಿ ಸೂಟ್‌ಕೇಸಿನಲ್ಲಿಟ್ಟು ಎರಡು ಟವೆಲು ತುರುಕಿ ತೋರಿಸಿದರು. ‘ನೋಡಿ, ಹೇಗೆ ಕೂತಿದೆ.’

‘ಬಿಚ್ಚಿ ಇಟ್ರೆ ವಾಸಿ ಮಾಸ್ಟ್ರೇ’ ಎಂದೆ.

‘ಬೀಳ್ಸಪ್ಪನ ಹತ್ರ ನಾನು ಕಲೀಬೇಕಾ?’

ಮತ್ತೆ ನಗು. ನನ್ನ ಕಿವಿ ಬಿಸಿಯಾಯಿತು. ಮದ್ದೂರಿನ ಗ್ಯಾರೇಜಿನವನ ಹತ್ತಿರವೂ ಅಂಥದ್ದೇ ಒಂದು ಸೂಟ್‌ಕೇಸು ಇದೆಯೆಂದು ತಿಳಿದು, ಮುಂದಿನ ಭಾನುವಾರ ಅದನ್ನು ಕೇಳಿ ಪಡೆದು ಬಸ್‌ಸ್ಟ್ಯಾಂಡಿಗೆ ಹೋದೆ. ಪರಂಗಿ ತೊಟ್ಟುಗಳನ್ನು ಮಾಸ್ಟರ ಹಾಗೆಯೇ ಓರೆಯಾಗಿಟ್ಟು ಟವೆಲು ತುರುಕಿ ಬಸ್ಸಿನ ಮೇಲಿಂದ ದೂಡಿಸಿದೆ. ಸೂಟ್‌ಕೇಸು ಒಂದು ಗೀರೂ ಇಲ್ಲದೆ ಚೆಂಡಿನ ಹಾಗೆ ಪುಟಿಯಿತು. ಒಳಗೆ ತೊಟ್ಟುಗಳು ಹದಿನಾಲ್ಕು ಚೂರು. ಒಂದೊಂದೇ ಎಣಿಸಿದೆ. ಎಣಿಸುವಾಗ ನನಗಾದ ಸಂತೋಷವನ್ನು ಈಗಲೂ ಮುಚ್ಚಿಡುವುದಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ರಾಗಿ ಬೀಸುತ್ತಿದ್ದಳು. ಬೀಸುಕಲ್ಲು ನಿಲ್ಲಿಸಿದಳು.

‘ಅವ್ನಿಗೆ ಏಳ್ಬುಟ್ಯಾ?’

‘ಇಲ್ಲ.’

‘ಏಳ್‌ಬ್ಯಾಡ. ನೀರು ಸೇದಕ್ಕೋದ್ರೆ ಬೀಳ್ಸಪ್ಪನ ಎಂಡ್ತಿ, ಬಿಂದ್ಗೆ ಬೀಳುಸ್ಬುಟ್ಟಾಳು ಅಂತಾವೆ. ನಾಕ್ ವರ್ಸಾಯ್ತು. ಬಾಯಿ ಮುಚ್ಕಂಡು ಓಗ್ಬುಟ್ಟು ಬಾ.’

‘ಕಪ್ಪು ಪೈಪು ಒಡೆದೋಯ್ತದೆ ಕಣಮ್ಮಿ.’

‘ಒಡೀಲಿ. ಈಗೇನು ಅದು ನಿಂದಾ?’ ಎಂದು ಮತ್ತೆ ಬೀಸತೊಡಗಿದಳು.

ಆ ಪ್ರಶ್ನೆಯೊಂದೇ ನನಗೆ ಕಷ್ಟವಾದದ್ದು. ಮಾಸ್ಟರು ಪೆಟ್ಟಿಗೆ ತೆಗೆದು ಮುಖ ಬಿಳಿಚಿಕೊಂಡು ನಿಲ್ಲುವುದನ್ನು ದಿನಕ್ಕೆ ಹತ್ತು ಸಲ ಕಲ್ಪಿಸಿಕೊಂಡು ಸುಖಪಡುತ್ತಿದ್ದೆ. ಆದರೆ ಆ ಚಿತ್ರದಲ್ಲಿ ಪೆಟ್ಟಿಗೆಯೊಳಗೆ ಏನಿದೆ ಎಂಬುದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಮಳವಳ್ಳಿಯ ಮದುವೆ ಮುಗಿದದ್ದು ಮಧ್ಯಾಹ್ನ ಎರಡಕ್ಕೆ. ನಮ್ಮನ್ನು ಬೆಂಗಳೂರಿಗೆ ಕರೆದೊಯ್ಯಲು ಕಾರು ಬಂದಿತ್ತು. ಮಾಸ್ಟರು ಬೆವರು ಒರೆಸಿಕೊಳ್ಳುತ್ತ ಕಪ್ಪು ಪೈಪನ್ನು ನನ್ನ ಕೈಗೆ ಕೊಟ್ಟು ಊಟಕ್ಕೆ ಹೊರಟರು. ‘ಸೂಟ್‌ಕೇಸಿಗೆ ಇಡಯ್ಯ. ಬಿಚ್ಚಬೇಡ. ಮೊನ್ನೆ ತೋರಿಸಿದ ಹಾಗೇ ಇಡು. ಚಿಲಕ ಹಾಕಿ ಬೀಗದಕೈ ತಂದುಕೊಡು.’

ಛತ್ರದ ಹಿಂದಿನ ಕೋಣೆಯಲ್ಲಿ ನಾನೊಬ್ಬನೇ. ಎದುರಿಗೆ ಕೆಂಪು ಸೂಟ್‌ಕೇಸು, ನನ್ನದೊಂದು ಟೀ ಪೆಟ್ಟಿಗೆ, ಎರಡು ಪೈಪು. ಮಾಸ್ಟರು ಬೇಡವೆಂದ ಇನ್ನೊಂದು ಪೆಟ್ಟಿಗೆ ಮಂಡ್ಯದಲ್ಲೇ ಉಳಿದಿತ್ತು. ಮಾಸ್ಟರು ಹೇಳಿದ ಹಾಗೆ ಮಾಡಿದರೆ ಸಾಕಿತ್ತು. ನನ್ನ ಮೇಲೆ ಒಂದು ಮಾತೂ ಬರುವಂತಿರಲಿಲ್ಲ. ಕಪ್ಪು ಪೈಪನ್ನು ಸೂಟ್‌ಕೇಸಿನಲ್ಲಿ ಓರೆಯಾಗಿಟ್ಟೆ, ಟವೆಲು ತುರುಕಿದೆ. ಮುಚ್ಚಳ ಹಾಕುವಾಗ ಹೆಬ್ಬೆರಳಿಗೆ ನಾನೇ ಸುತ್ತಿದ್ದ ಮೇಣದ ನೂಲು ತಗುಲಿತು. ಒದ್ದೆಯಾಗಿತ್ತು. ಈ ಕೀಲು ಬಿಚ್ಚದೆ ಇಟ್ಟರೆ ಹಳೆಯ ಸೀಳು ಮತ್ತೆ ಬಾಯಿ ಬಿಡುತ್ತದೆ ಎಂದು ನನಗೆ ಗೊತ್ತಿತ್ತು. ಬಸ್ಸಿನ ಮೇಲಿಂದ ಬೀಳುವುದೇ ಬೇಡ.

ನನ್ನಿಂದ ಆಗಲಿಲ್ಲ. ಕಪ್ಪು ಪೈಪನ್ನು ಹೊರಗೆ ತೆಗೆದು, ಕೀಲು ಕೀಲು ಬಿಚ್ಚಿ, ಒರೆಸಿ, ನೂಲು ಒಂದೊಂದು ಸುತ್ತು ಸಡಿಲಿಸಿ, ಟೀ ಪೆಟ್ಟಿಗೆಯ ತೊಟ್ಟಿಲುಗಳಲ್ಲಿ ಮಲಗಿಸಿದೆ. ಬೆರಳಾಡಿಸುವ ಕೊಳವೆಯನ್ನೂ ನಾದ ಹೊರಡಿಸುವ ರೀಡುಗಳನ್ನೂ ಬಿದಿರಿನ ನಳಿಗೆಯಲ್ಲಿ ಹತ್ತಿಯೊಳಗಿಟ್ಟು ಬಗಲ ಚೀಲಕ್ಕೆ ಹಾಕಿಕೊಂಡೆ. ಹಾಗೆಂದು ಮಾಸ್ಟರನ್ನು ಬಿಟ್ಟುಬಿಡುವ ಮನಸ್ಸೂ ನನಗೆ ಬರಲಿಲ್ಲ. ನಾಲ್ಕು ವರ್ಷ ನನ್ನ ಹೊಟ್ಟೆ ಹೊರೆದಿದ್ದ ಬೀಟೆಯ ಪೈಪನ್ನು ಎತ್ತಿ, ಬಿಚ್ಚದೆ, ಒರೆಸದೆ, ಅವರು ಹೇಳಿದ ಹಾಗೇ ಓರೆಯಾಗಿ ಸೂಟ್‌ಕೇಸಿನಲ್ಲಿಟ್ಟು ಬೀಗ ಹಾಕಿದೆ.

‘ಇಟ್ಟೆಯಾ?’ ಎಂದರು ಮಾಸ್ಟರು, ಎಲೆಯ ಮುಂದೆ ಕೂತು.

‘ಇಟ್ಟೆ. ನೀವು ಏಳಿದಂಗೇ.’

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಮರುದಿನ ಬೆಳಿಗ್ಗೆ ಪೆಟ್ಟಿಗೆ ತೂಗಿದರು. ಕೆಂಪು ಸೂಟ್‌ಕೇಸನ್ನು ಅಲ್ಲಿನವರು ಗೌರವದಿಂದ ನೋಡಿದರೆ, ನನ್ನ ಟೀ ಪೆಟ್ಟಿಗೆಯನ್ನು ಕಾಲಿನಿಂದ ಸರಿಸಿದರು. ಬಗಲ ಚೀಲದಲ್ಲಿದ್ದ ಬಿದಿರಿನ ನಳಿಗೆ ನೋಡಿ ಪೊಲೀಸಿನವನು ಬಂದೂಕೇನೋ ಎಂಬ ಹಾಗೆ ಹಿಂದೆ ಸರಿದ. ಕೊಳವೆ ತೆಗೆದು ನಾಲ್ಕು ಸ್ವರ ಊದಿ ತೋರಿಸಿದ ಮೇಲೆ ಬಿಟ್ಟ. ಮಾಸ್ಟರು ಆಗ ಮೆಟ್ಟಿಲ ಹತ್ತಿರ ಮುಂದೆ ಹೋಗಿದ್ದರು, ಗಮನಿಸಲಿಲ್ಲ. ವಿಮಾನ ಹತ್ತಿ ಕೂತ ಮೇಲೆ ಕಿಟಕಿಯಿಂದ ನೋಡಿದೆ. ಸಾಮಾನಿನ ಗಾಡಿಯಿಂದ ವಿಮಾನದ ಹೊಟ್ಟೆಗೆ ಒಬ್ಬ ಎಸೆಯುತ್ತಿದ್ದ, ಇನ್ನೊಬ್ಬ ಹಿಡಿಯುತ್ತಿದ್ದ. ಕೆಂಪು ಸೂಟ್‌ಕೇಸು ಅವನ ಕೈ ತಪ್ಪಿ ಕೆಳಗೆ ಬಿದ್ದು, ಒಮ್ಮೆ ಪುಟಿದು, ಮತ್ತೆ ಮೇಲೆ ಹೋಯಿತು. ಮಾಸ್ಟರು ಸೀಟಿನ ಪಟ್ಟಿ ಹೇಗೆ ಕಟ್ಟುವುದೆಂದು ನೋಡುತ್ತಿದ್ದರು. ವಿಮಾನ ಮೇಲೇರಿದಾಗ ಪಕ್ಕದಲ್ಲಿದ್ದವರೆಲ್ಲ ಕೈ ಮುಗಿದರು. ನನಗೆ ಯಾವ ಭಯವೂ ಆಗಲಿಲ್ಲ. ಆ ಸೂಟ್‌ಕೇಸು ತೆಗೆಯುವುದನ್ನು ನೋಡುವವರೆಗೆ ನಾನು ಸಾಯುವುದಿಲ್ಲವೆಂದು ಖಾತ್ರಿಯಿತ್ತು.

ದೆಹಲಿಯಲ್ಲಿ ನಮಗೆ ಮದುವೆ ಮನೆಯ ಪಕ್ಕದಲ್ಲೇ ಒಂದು ಕೋಣೆ ಕೊಟ್ಟಿದ್ದರು. ಗಂಡಿನ ಕಡೆಯವರನ್ನು ಎದುರುಗೊಳ್ಳುವ ಮೆರವಣಿಗೆ ಸಂಜೆ ಐದಕ್ಕೆ. ಮೂರು ಗಂಟೆಗೆ ಮಾಸ್ಟರು ಬೀಗ ತೆಗೆದರು.

ಮೊದಲು ಟವೆಲು ಎತ್ತಿದರು. ದೊಡ್ಡ ಶ್ರುತಿ ಕೊಳವೆಯ ತಲೆ ಟವೆಲಿನ ಜೊತೆಗೇ ಬಂತು. ಬೆರಳಾಡಿಸುವ ಕೊಳವೆ ಮೇಲಿಂದ ಕೆಳಗೆ ಸೀಳಿತ್ತು, ಒಳಗಿನ ಟೊಳ್ಳು ಕಾಣುತ್ತಿತ್ತು. ಅವರ ಮುಖ ನಾನು ಕಲ್ಪಿಸಿಕೊಂಡಿದ್ದಕ್ಕಿಂತ ಹೆಚ್ಚೇ ಬಿಳಿಚಿತು. ಆಮೇಲೆ ಮರದ ಬಣ್ಣ ಕಂಡಿತು.

‘ಇದು ನಿಂದು!’

‘ನಂದೇ.’

ನಾನು ಟೀ ಪೆಟ್ಟಿಗೆ ತೆಗೆದೆ. ಕಪ್ಪು ಕೊಳವೆಗಳು ಇಟ್ಟ ಹಾಗೇ ಇದ್ದವು. ಒಂದೊಂದೇ ಜೋಡಿಸಿ ತಿತ್ತಿಗೆ ಸಿಕ್ಕಿಸಿದೆ. ಅವರು ನೋಡುತ್ತ ನಿಂತರು. ನಾನು ಬದಲಾಯಿಸಿದೆನೆಂದು ಕೂಗಾಡಬಹುದಿತ್ತು. ಕೂಗಿದರೆ, ಬದಲಾಯಿಸದಿದ್ದರೆ ಈಗ ಒಡೆದಿರುತ್ತಿದ್ದದ್ದು ಯಾವುದು ಎಂದು ಯಾರಾದರೂ ಕೇಳುತ್ತಾರೆ. ಅದು ಅವರಿಗೂ ತಿಳಿಯಿತು.

‘ಕೊಡು ಇಲ್ಲಿ’ ಎಂದು ಕೈ ಚಾಚಿದರು. ‘ನಾನು ಮಾಸ್ಟ್ರು. ನಾನು ಊದಬೇಕು.’

‘ಕೊಡ್ತೀನಿ. ಅವತ್ತು ಮಳವಳ್ಳೀಲಿ ಇದ್ನ ಬಿಚ್ದೆ ಬಸ್ಸಿನ ಮ್ಯಾಲೆ ಆಕ್ಸಿದ್ದು ಯಾರು? ಅದೊಂದ್ ಮಾತು ಏಳಿ, ಕೊಡ್ತೀನಿ.’

ಚಾಚಿದ್ದ ಕೈಯನ್ನು ಅವರು ಹಿಂದಕ್ಕೆ ಎಳೆದುಕೊಂಡರು. ಆಮೇಲೆ ಮಂಚದ ಮೇಲೆ ಕೂತು ಹೇಳಿದರು, ‘ನೀನೇ ಊದು.’

ಹೇಳುವುದಕ್ಕಿಂತ ಊದದೆ ಇರುವುದೇ ಅವರಿಗೆ ಸುಲಭವಾಗಿತ್ತು. ಅಲ್ಲಿಗೆ ಮುಗಿಯುತ್ತಿತ್ತೇನೋ. ಅಷ್ಟರಲ್ಲಿ ಹೆಣ್ಣಿನ ಸೋದರಮಾವ ಬಾಗಿಲಿಗೆ ಬಂದ. ಮಳವಳ್ಳಿಯವನೇ, ಜರಿ ರುಮಾಲು ಸುತ್ತಿದ್ದ. ನಾನು ಒಂದು ಪೈಪು ಒಡೆದಿದೆ, ಒಬ್ಬನೇ ಊದುತ್ತೇನೆ ಎಂದೆ.

‘ಅದೆಲ್ಲ ಆಗಕಿಲ್ಲ ಕಣ್ರಪ್ಪ. ಇಬ್ರು ಬತ್ತಾರೆ ಅಂತ ಬೀಗ್ರಿಗೆಲ್ಲ ಏಳಿವ್ನಿ. ಇಮಾನದಲ್ಲಿ ಕರ್ಸಿವ್ನಿ. ಪೋಟೋದವ್ನೂ ಬಂದವ್ನೆ. ಒಡೆದಿದ್ರೆ ದಾರ ಕಟ್ಕಂಡು ಇಡ್ಕಳ್ಳಿ, ಊದ್ದಂಗೆ ಮಾಡಿ. ಇಬ್ರೂ ಇರ್ಬೇಕು, ಅಷ್ಟೇಯ.’

ಮಾಸ್ಟರು ಎದ್ದು ನಿಂತು ಇಂಗ್ಲಿಷಿನಲ್ಲಿ ಏನೋ ಹೇಳಹೋದರು. ಅವನು ಆಗಲೇ ಹೊರಟುಹೋಗಿದ್ದ.

ಮುರಿದ ಕೊಳವೆಗೆ ದಾರ ಸುತ್ತಿ ನಿಲ್ಲಿಸಿಕೊಟ್ಟೆ. ನಾನೇ ಸುತ್ತಿದೆ, ನಿಧಾನವಾಗಿ. ತಿತ್ತಿ ಜೋತುಬೀಳದಿರಲೆಂದು ಒಳಗೆ ಟವೆಲು ತುಂಬಿದೆ.

ಸಂಜೆ ಐದಕ್ಕೆ ಮೆರವಣಿಗೆ ಹೊರಟಿತು. ಜರಿಯ ಕೋಟು, ಗರಿ ಸಿಕ್ಕಿಸಿದ ಟೋಪಿ ಹಾಕಿಕೊಂಡು ಮಾಸ್ಟರು ನನ್ನ ಎಡಕ್ಕೆ ನಡೆದರು. ನಾನು ತಿತ್ತಿ ಒತ್ತಿದೆ. ನಾಲ್ಕು ವರ್ಷದ ಮೇಲೆ ಕಪ್ಪು ಪೈಪು ನನ್ನ ಹೆಗಲ ಮೇಲೆ ದನಿ ತೆಗೆಯಿತು. ಆ ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಪಕ್ಕದಲ್ಲಿ ಮಾಸ್ಟರು ಕೆನ್ನೆ ಉಬ್ಬಿಸಿಕೊಂಡು, ಸೀಳಿದ ಕೊಳವೆಯ ಮೇಲೆ ಬೆರಳಾಡಿಸುತ್ತ, ನನ್ನ ಹೆಜ್ಜೆಗೆ ಹೆಜ್ಜೆ ಹಾಕುತ್ತಿದ್ದರು. ಅವರ ಬೆರಳು ಒಂದೂ ತಪ್ಪಲಿಲ್ಲ. ನಾನು ಯಾವ ಹಾಡು ತೆಗೆದರೂ ಬೆರಳು ಸರಿಯಾಗಿ ಅದೇ ರಂಧ್ರದ ಮೇಲೆ ಬೀಳುತ್ತಿತ್ತು, ಉಸಿರೂ ಸರಿಯಾದ ಜಾಗದಲ್ಲೇ ತೆಗೆಯುತ್ತಿದ್ದರು. ಹತ್ತಿರ ನಡೆಯುತ್ತಿದ್ದ ಡ್ರಮ್ಮಿನವರಿಗೆ ವಿಷಯ ಗೊತ್ತಾಗಿಹೋಯಿತು. ಒಬ್ಬ ಇನ್ನೊಬ್ಬನನ್ನು ತಿವಿದು ತೋರಿಸಿದ. ಇಬ್ಬರೂ ನಕ್ಕರು. ಮಾಸ್ಟರು ನೋಡಿದರು, ಕೆನ್ನೆ ಇಳಿಸಲಿಲ್ಲ.

ಮೆರವಣಿಗೆ ಅರ್ಧ ಗಂಟೆಯದು. ನಾನು ಬೇಕೆಂದೇ ಹೆಜ್ಜೆ ಚಿಕ್ಕದು ಮಾಡಿ ಅದನ್ನು ಮುಕ್ಕಾಲು ಗಂಟೆ ಎಳೆದೆ.

ವಾಪಸು ರೈಲಿನಲ್ಲಿ ಬಂದೆವು. ಎದುರುಬದುರು ಸೀಟು. ಎರಡನೆಯ ದಿನದವರೆಗೆ ಒಂದು ಮಾತಿಲ್ಲ. ಯಾವುದೋ ಸ್ಟೇಷನ್ನಿನಲ್ಲಿ ಅವರು ಕಿತ್ತಳೆ ಹಣ್ಣು ತಂದು ಎರಡನ್ನು ನನ್ನ ಪಕ್ಕ ಇಟ್ಟರು. ನಾನು ಮುಟ್ಟಲಿಲ್ಲ.

‘ಒಡೆಯುತ್ತೆ ಅಂತ ನಿನಗೆ ಗೊತ್ತಿತ್ತು’ ಎಂದರು ಕಿಟಕಿಯ ಕಡೆ ನೋಡುತ್ತ.

‘ಗೊತ್ತಿತ್ತು. ಮದ್ದೂರಲ್ಲಿ ಅಂಥ ಸೂಟ್‌ಕೇಸ್ನೇ ಬಸ್ಸಿನ ಮ್ಯಾಲಿಂದ ತಳ್ಸಿ ನೋಡಿದ್ದೆ.’

ಅವರು ತಲೆ ಆಡಿಸಿದರು. ಆಮೇಲೆ ಕೇಳಿದರು, ‘ಕಂಬಳಿ ಕೆಳಗೆ ಏನು ಹಾಕಿದ್ದೆ?’

‘ಬಸ್ಸಿನ ಸೀಟಿನ ನಾರು.’

‘ಒಳ್ಳೇ ಕೆಲಸ’ ಎಂದರು. ಅದರಲ್ಲಿ ವ್ಯಂಗ್ಯವಿರಲಿಲ್ಲ. ಅದು ನನಗೆ ಇಷ್ಟವಾಗಲಿಲ್ಲ. ಅವರು ಬೈದಿದ್ದರೆ ಚೆನ್ನಾಗಿತ್ತು.

ಮಂಡ್ಯದಲ್ಲಿ ಬ್ಯಾಂಡಿನವರೆಲ್ಲ ದೆಹಲಿಯ ಸುದ್ದಿ ಕೇಳಲು ಸೇರಿದ್ದರು. ಯಜಮಾನರು ಪೆಟ್ಟಿಗೆಗಳನ್ನು ತೆಗೆಸಿದರು. ಕಪ್ಪು ಪೈಪು ಕಂಡು ಸಮಾಧಾನದ ಉಸಿರು ಬಿಟ್ಟರು. ಬೀಟೆಯ ಚೂರು ಕಂಡು ನನ್ನ ಕಡೆ ತಿರುಗಿದರು.

‘ಇದು ನಿಂದಲ್ವೇನೋ? ಮತ್ತೆ ಬೀಳ್ಸಿದೆಯಾ?’

ಹಿಂದಿನಿಂದ ಯಾರೋ ಬೀಳ್ಸಪ್ಪ ಎಂದರು, ನಗು ಏಳುತ್ತಿತ್ತು. ಮಾಸ್ಟರು ಏನು ಹೇಳುತ್ತಾರೋ ನೋಡೋಣ ಎಂದು ಕಾದೆ. ಮತ್ತೆ ನನ್ನ ಮೇಲೆ ಹಾಕಿದರೆ ಎಲ್ಲವನ್ನೂ, ಆ ಮೆರವಣಿಗೆಯನ್ನೂ ಬಿಡಿಸಿ ಹೇಳುವವನಿದ್ದೆ. ಮಾತುಗಳನ್ನು ರೈಲಿನಲ್ಲೇ ಜೋಡಿಸಿಟ್ಟುಕೊಂಡಿದ್ದೆ.

ಮಾಸ್ಟರು ಎದ್ದು ನಿಂತರು. ಟೋಪಿ ಕೈಯಲ್ಲಿತ್ತು.

‘ಅವನು ಬೀಳಿಸಲಿಲ್ಲ ಸ್ವಾಮಿ. ಇದು ಒಡೆದಿದ್ದು ನನ್ನ ಸೂಟ್‌ಕೇಸಲ್ಲಿ. ಕಪ್ಪು ಪೈಪು ಉಳಿದಿದ್ದು ಅವನಿಂದ. ಅವತ್ತು ಮಳವಳ್ಳೀಲೂ ಅವನು ಬೀಳಿಸಿರಲಿಲ್ಲ. ಬಿಚ್ಚದೆ ಟ್ರಂಕಿಗೆ ಹಾಕಿ ಬಿಸಿಲಲ್ಲಿ ಬಸ್ಸಿನ ಮೇಲೆ ಇಡಿಸಿದ್ದು ನಾನು. ಹೊಸದಾಗಿ ಬಂದಿದ್ದೆ, ಕೆಲಸ ಹೋಗುತ್ತೆ ಅಂತ ಸುಳ್ಳು ಹೇಳಿದೆ.’

ದನಿ ಎತ್ತದೆ, ತಡವರಿಸದೆ ಹೇಳಿದರು. ಯಜಮಾನರು ನೆಲ ನೋಡುತ್ತಿದ್ದರು. ನಾಲ್ಕು ವರ್ಷ ಕಾದಿದ್ದ ಮಾತು ಅದೇ. ಅಲ್ಲಿಗೆ ಸಾಕಾಗಬೇಕಿತ್ತು.

‘ಕೇಳುಸ್ನಿಲ್ಲ ಮಾಸ್ಟ್ರೇ’ ಎಂದೆ. ‘ಇನ್ನೊಂದ್ ಕಿತ ಏಳಿ.’

ಅವರು ನನ್ನ ಕಡೆ ನೋಡಿದರು. ವಯಸ್ಸಾದ ಮುಖ ಎಂದು ಆಗ ಮೊದಲ ಸಲ ಅನ್ನಿಸಿತು. ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹೊರಗೆ ಅಂಗಳದಲ್ಲಿ ಇದ್ದವರಿಗೂ ಕೇಳುವಷ್ಟು ಗಟ್ಟಿಯಾಗಿ, ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಮತ್ತೊಮ್ಮೆ ಹೇಳಿದರು. ಆ ತಿಂಗಳ ಕೊನೆಗೆ ಬ್ಯಾಂಡು ಬಿಟ್ಟು ಹೋದರು. ಬೀಳ್ಸಪ್ಪ ಎಂದು ಯಾರೂ ನನ್ನನ್ನು ಆಮೇಲೆ ಕರೆಯಲಿಲ್ಲ.

ಮೊದಲ ಸಲ ಅವರು ಹೇಳಿದ್ದು ನನಗೆ ಒಂದಕ್ಷರವೂ ಬಿಡದೆ ಕೇಳಿಸಿತ್ತು.